ಹೂಂ ಅನ್ನುವವಳು

"ಕೆಮ್ಮಬಾರ್ದು, ಸೀನಬಾರ್ದು, ಬಳಿ ಸಪ್ಪಳಾ ಮಾಡಬಾರ್ದು. ತಿಳೀತೇನ್ರಿ, ಅಕ್ಕಾರ?"

ರೇಡಿಯೋ ಕೇಂದ್ರದ ಅಧಿಕಾರಿ ಲಕ್ಷ್ಮಣಪ್ಪನವರು ಹೀಗೆ ಕೇಳಿದಾಗ ಬಸಕ್ಕ ಬರೀ ತಲೆಯಾಡಿಸಿದಳು. ಬಾಯಿ ಬಿಡಲೂ ಅವಳಿಗೆ ಹೆದರಿಕೆ. ಸ್ಟುಡಿಯೋದ ಮೂಲೆಯ ಕುರ್ಚಿಯ ತುದಿಗೆ ಕುಳಿತು, ಎರಡೂ ಕೈಯ ಬಳೆಗಳನ್ನು ಮೊಳಕೈಯತ್ತ ಏರಿಸಿ ಬಿಗಿಮಾಡಿಕೊಂಡಳು. ಎದುರಿಗೆ, ಮೈಕಿನ ಮುಂದೆ, ಅವಳ ತಮ್ಮ ಹೊಳಬಸಪ್ಪ. ಅವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

ಅದು ಹಳೆಯ ಮಾತು. ಈಗ ಯರಗುಪ್ಪಿ ಹೊಳಬಸಪ್ಪನ ನಗೆ ಕಾರ್ಯಕ್ರಮ ಇದೆ ಅಂದರೆ ಗುಡಗೇರಿಯಲ್ಲಿ ವ್ಯಾಪಾರಿಗಳು ಸಂತೆಯ ದಿನವೂ ಹೊತ್ತಿಗೆ ಮೊದಲೇ ಗಂಟು ಕಟ್ಟುತ್ತಾರೆ. ಅವನು ಸ್ಟೇಜು ಹತ್ತಿ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರೇ ಸಾಕು, ಮುಂದಿನ ಸಾಲಿನ ಮುದುಕರು ನಗಲು ಶುರುಮಾಡುತ್ತಾರೆ. ಅಂಥವನ ಅಕ್ಕನನ್ನು ಜನ ಬಿಟ್ಟಾರೆಯೇ? "ನಿಮ್ಮ ತಮ್ಮ ಸಣ್ಣಾಂವ ಇದ್ದಾಗಿಂದ ಹಿಂಗ ನಗಸ್ತಿದ್ರೇನ್ರಿ?" ಎಂದು ಕೇಳುತ್ತಾರೆ. "ಮನ್ಯಾಗ ನಗಸ್ತಿದ್ದ. ರೇಡಿಯೋದಾಗ ಅಳಸ್ತಿದ್ದ," ಎನ್ನುತ್ತಾಳೆ ಬಸಕ್ಕ. ಹಾಗೆಂದ ಮೇಲೆ ಎಂಬತ್ತೆರಡನೆಯ ಇಸವಿಯ ಆ ಸಂಜೆಯನ್ನು ಹೇಳದೆ ಅವಳಿಗೂ ಸಮಾಧಾನವಿಲ್ಲ.

ರೈತರ ಕಾರ್ಯಕ್ರಮದಲ್ಲಿ ಮಾತಾಡಲು ಹೊಳಬಸಪ್ಪನನ್ನು ಪರೀಕ್ಷೆಗೆಂದು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಆ ಅವಧಿ ಅಂದಿಗೆ ಮುಗಿಯುತ್ತಿತ್ತು. ಹೊರಗೆ ಚಹದ ಅಂಗಡಿಯಲ್ಲಿ ನಿಂತು ಮಾತಾಡಿದರೆ ಕೇಳಿದವರ ಹೊಟ್ಟೆ ಹುಣ್ಣಾಗುತ್ತಿತ್ತು. ಅದೇ ಮನುಷ್ಯ ಮೈಕಿನ ಮುಂದೆ ಕುಳಿತರೆ ಒಣ ಕಟ್ಟಿಗೆ. ಹತ್ತಿಯ ಹುಳಕ್ಕೆ ಔಷಧ ಹೇಳಿದರೂ ಯಾರೋ ತೀರಿಕೊಂಡ ಸುದ್ದಿ ಓದಿದ ಹಾಗಿರುತ್ತಿತ್ತು. ತಮ್ಮನಿಗೆ ಬುತ್ತಿ ಕೊಟ್ಟು ಹೋಗೋಣವೆಂದು ಶಲವಡಿಯಿಂದ ಬಂದಿದ್ದ ಬಸಕ್ಕನಿಗೆ ಲಕ್ಷ್ಮಣಪ್ಪನವರು ಕೇಂದ್ರದ ಓಣಿಯಂಥ ಪಡಸಾಲೆಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು.

"ಹುಡುಗ ಚೊಲೊ ಅದಾನ್ರಿ. ಆದ್ರ ಹೊರಗ ಹುಲಿ, ಮೈಕಿನ ಮುಂದ ಇಲಿ. ಇವತ್ತೂ ಹಿಂಗ ಆದ್ರ ನಾಳಿಂದ ಬರಬ್ಯಾಡ ಅನ್ನೂದ ನೋಡ್ರಿ, ಮತ್ತೇನ್ ಮಾಡ್ಲಿ?"

ಅವ್ವ ಸತ್ತಾಗ ಹೊಳಬಸಪ್ಪ ಅಂಬೆಗಾಲಿನ ಕೂಸು. ಅವನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಬಸಕ್ಕನೇ. ಅವನ ಬಾಯಲ್ಲಿ ಎಂಥ ಮಾತಿದೆಯೆಂಬುದು ಲೋಕಕ್ಕೆಲ್ಲ ಗೊತ್ತಾಗಬೇಕೆಂಬುದೊಂದೇ ಅವಳ ಆಸೆ. ಅದು ಇಂದಿಗೆ ಮಣ್ಣುಪಾಲು. ಅಷ್ಟರಲ್ಲಿ ಹೊಳಬಸಪ್ಪ ಕೈಮುಗಿದು, "ಅಕ್ಕ ಒಳಗ ಕುಂದರ್ಲಿ ಸರ, ಇವತ್ತೊಂದ ದಿನ," ಎಂದು ಗೋಗರೆದಿದ್ದ.

ಪ್ರಸಾರದ ಕೆಂಪು ದೀಪ ಹತ್ತಿತು. ಹೊಳಬಸಪ್ಪ ಹವಾಮಾನ ಓದಿದ, ಪೇಟೆಯ ಧಾರಣೆ ಓದಿದ. ಗಾಜಿನ ಗೋಡೆಯ ಆಚೆ ಲಕ್ಷ್ಮಣಪ್ಪನವರು ಹಣೆ ತಿಕ್ಕಿಕೊಂಡರು. ಆಮೇಲೆ ಬೀಜೋಪಚಾರದ ಬಗ್ಗೆ ಯಾರೋ ಸಾಹೇಬರು ಮಾತಾಡಿದ ಟೇಪು ತಿರುಗಲು ಹತ್ತಿತು. ಹತ್ತಿದ್ದೇ ತಡ, ಕಟ್ಟೆಂದು ಹರಿಯಿತು. ಯಂತ್ರದ ಮುಂದಿನವನು ಟೇಪಿನ ತುಂಡುಗಳನ್ನು ಎತ್ತಿ ತೋರಿಸಿ, ಮಾತಾಡು, ಮಾತಾಡು ಎಂದು ಕೈ ತಿರುಗಿಸಿದ.

"ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ," ಎಂದ ಹೊಳಬಸಪ್ಪ. ತುಸು ಬಿಟ್ಟು ಮತ್ತೆ ಅದನ್ನೇ ಅಂದ. ಮೂರನೆಯ ಸಲ ಅನ್ನಲು ಹೋಗಿ ಅಕ್ಕನ ಕಡೆ ನೋಡಿದ. ಕೈಯಲ್ಲಿದ್ದ ಕಾಗದ ಕೆಳಗಿಟ್ಟ.

"ನಮ್ಮೂರಾಗ ತಿರಕಪ್ಪ ಅಂತ ಒಬ್ಬಾಂವ ಇದ್ದ," ಎಂದ. ಎಂದವನೇ ನಿಂತುಬಿಟ್ಟ.

ಯಾಕೆ ನಿಂತನೆಂಬುದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಬಸಕ್ಕನಿಗೊಬ್ಬಳಿಗೇ. ಹಿಂದೆ ಊರಲ್ಲಿ ಶೇಂಗಾ ಒಡೆಯಲು ಮನೆಮಂದಿಯೆಲ್ಲ ರಾಶಿಯ ಸುತ್ತ ಕುಳಿತಾಗ ಕಥೆ ಹೇಳುತ್ತಿದ್ದವನು ಈ ಹುಡುಗ. ಕಥೆ ಹೇಳುವವನಿದ್ದರೆ ಹೂಂ ಅನ್ನುವವರೂ ಒಬ್ಬರು ಬೇಕು. ಹೂಂ ಇಲ್ಲದೆ ಕಥೆ ಹೆಜ್ಜೆ ಎತ್ತುವುದಿಲ್ಲ. ಆ ಮನೆಯಲ್ಲಿ ಅದು ಬಸಕ್ಕನ ಪಾಲಿನ ಕೆಲಸವಾಗಿತ್ತು. ದುಃಖದ ಜಾಗದಲ್ಲಿ ತಗ್ಗಿದ ಹೂಂ, ಸೋಜಿಗಕ್ಕೆ ಎಳೆದ ಹೂಂ, ಸುಳ್ಳು ಹೆಚ್ಚಾದರೆ ಮೂಗಿನಲ್ಲೇ ಒಂದು ಹೂಂ. ಅವಳು ತೂಕಡಿಸಿ ಹೂಂ ತಪ್ಪಿಸಿದರೆ ಹುಡುಗ ಕಥೆ ಅಲ್ಲಿಗೇ ಬಿಟ್ಟು ಅವಳ ತೊಡೆ ಚಿವುಟುತ್ತಿದ್ದ.

ಈಗಲೂ ಹಾಗೆಯೇ ಅವಳನ್ನೇ ನೋಡುತ್ತ ಕುಳಿತಿದ್ದ. ಬಸಕ್ಕ ಸೆರಗನ್ನು ಬಾಯಿಗೆ ಒತ್ತಿಹಿಡಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ಜಿಲ್ಲೆಗೆ ಜಿಲ್ಲೆಯೇ ಕಿವಿಗೊಟ್ಟು ಕುಳಿತಿದೆ, ಇಲ್ಲಿ ಸೊಲ್ಲಿಲ್ಲ. ಲಕ್ಷ್ಮಣಪ್ಪನವರು ಬೇಡವೆಂದದ್ದು ಏನೇನು? ಕೆಮ್ಮು, ಸೀನು, ಬಳೆ. ಹೂಂ ಅನ್ನಬಾರದು ಅಂತ ಅವರು ಹೇಳಿರಲಿಲ್ಲ.

"ಹೂಂ," ಅಂದಳು ಬಸಕ್ಕ.

ಅಂದದ್ದೇ ತಡ, ಹೊಳಬಸಪ್ಪನ ಬೆನ್ನು ನೆಟ್ಟಗಾಯಿತು. "ತಿರಕಪ್ಪ ಹೊಸಾ ರೇಡಿಯೋ ತಂದಾ."

"ಹೂಂ."

"ಹೇಂತಿ ದುರಗವ್ವ ತಲಿ ತುಂಬ ಸೆರಗ ಹೊತಗೊಂಡ ಬಂದ ಕುಂತ್ಲು. ಯಾಕಂದ್ರ ಒಳಗ ಮಾತಾಡಾಂವ ಪರ ಗಂಡಸು! ಆಂವ ದಿನಾ ಬರಾಂವ, ನಮಸ್ಕಾರ ಅನ್ನಾಂವ, ಮೆಣಸಿನಕಾಯಿ ರೇಟ ಹೇಳಾಂವ, ಎದ್ದ ಹೋಗಾಂವ. ಒಂದಿನ ದುರಗವ್ವಗ ಸಿಟ್ಟ ಬಂತು."

"ಹೂಂ?"

"'ಏನ್ ಮನಶ್ಯಾನ ಇಂವಾ? ಯಾ ಊರಾಂವ ಇಂವಾ? ದಿನಾ ಸಂಜಿಕ ನಮ್ಮ ಮನ್ಯಾಗ ಬಂದ ಕುಂದರ್ತಾನ, ಊರ ಉಸಾಬರಿ ಎಲ್ಲಾ ಹೇಳ್ತಾನ, ಒಂದ ದಿನಾರ ಊಟಾತೇನ್ರಿ ಅಂತ ಕೇಳ್ಯಾನೇನು? ನಾ ಹಾಕಿಟ್ಟ ಚಾಕ್ಕೂ ಬಾಯಿ ಹಚ್ಚಾಂಗಿಲ್ಲ! ಇಂಥಾ ಸೊಕ್ಕಿನಾಂವಗ ನಮ್ಮ ಮನ್ಯಾಗ ಜಾಗಾ ಇಲ್ಲ' ಅಂದಾಕಿನ ರೇಡಿಯೋ ಎತ್ತಿ ದನದ ಮನ್ಯಾಗ ಇಟ್ಟ ಬಂದ್ಲು."

ಬಸಕ್ಕ ಹೂಂ ಅನ್ನಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. ಬಳೆಗಳೆಲ್ಲ ಮುಂಗೈಗೆ ಜಾರಿ ಝಣಝಣ ಅಂದವು.

"ಆ ಸೊಕ್ಕಿನಾಂವ ನಾನ ರೀ," ಎಂದ ಹೊಳಬಸಪ್ಪ. "ತಪ್ಪಾತು. ಊಟಾತೇನ್ರಿ ಎಲ್ಲಾರದೂ?"

ಟೇಪು ಕೂಡಿಸಿ ಆಗಿತ್ತು. ಯಂತ್ರದವನು ಗುಂಡಿ ಒತ್ತಲು ಹೋದರೆ ಲಕ್ಷ್ಮಣಪ್ಪನವರೇ, ತಡಿ ಎಂದು ಅವನ ಕೈ ಹಿಡಿದರು. ನಕ್ಕು ನಕ್ಕು ಅವರ ಕನ್ನಡಕ ಮಂಜಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವರು ಒಳಗೆ ಬಂದು ಸಿಟ್ಟು ತಂದುಕೊಳ್ಳಲು ನೋಡಿದರು, ಬರಲಿಲ್ಲ. "ಸುಮ್ನ ಕುಂದರ್ರಿ ಅಂದ್ರ ಇದೇನ್ರಿ ಅಕ್ಕಾರ?"

"ಕೆಮ್ಮಲಿಲ್ರಿ, ಸೀನಲಿಲ್ರಿ. ಬಳೀದೊಂದ ತಪ್ಪಾತ್ರಿ," ಎಂದಳು ಬಸಕ್ಕ.

"ನಾಳಿಂದ ದಿನಾ ಹಿಂಗ ಮಾತಾಡಲೇ, ಹೊಳಬಸಪ್ಪ. ಆದ್ರ ಒಬ್ಬಾಂವನ ಮಾತಾಡಬೇಕು. ಅಕ್ಕಾರ್ನ ದಿನಾ ಇಲ್ಲಿ ಕುಂದ್ರಸಾಕ ಬರಾಂಗಿಲ್ಲ."

ಹೊಳಬಸಪ್ಪ ಅಕ್ಕನನ್ನು ಬಸ್ಸಿಗೆ ಬಿಡಲು ಬಂದ. ಅವಳು ಬಸ್ಸು ಹತ್ತಿದ ಮೇಲೆ ಕಿಟಕಿಗೆ ಬಂದು, "ನೀ ಇಲ್ದ ನನಗ ಬಾಯಿ ಏಳಾಂಗಿಲ್ಲ ಅಕ್ಕಾ," ಎಂದ. "ಹುಚ್ಚಾ, ನಾ ಎಲ್ಲಿ ಹೊಂಟೇನಿ? ರೇಡಿಯೋದ ಮುಂದನ ಇರ್ತೀನಿ," ಎಂದಳು ಬಸಕ್ಕ.

ಮರುದಿನ ಸಂಜೆ ಶಲವಡಿಯಲ್ಲಿ ಗಂಡ ಭರಮಪ್ಪ ರೇಡಿಯೋವನ್ನು ಅಡುಗೆಮನೆಯ ಗೋಡೆಯಲ್ಲಿ ಗೂಡಿನಂತಿದ್ದ ಮಾಡದಲ್ಲಿ ತಂದಿಟ್ಟ. ಬಾಜು ಮನೆಯ ಮಲಿಕಾಬಿಯೂ ಬಂದು ಕುಳಿತಳು. ಬಸಕ್ಕ ರೊಟ್ಟಿ ಬಡಿಯುತ್ತಿದ್ದಳು.

"ನಮಸ್ಕಾರ್ರೀ. ಊಟಾತೇನ್ರಿ?" ಎಂದಿತು ರೇಡಿಯೋ.

"ಇನ್ನಾ ಇಲ್ಲಪಾ, ನಿಮ್ಮಕ್ಕ ರೊಟ್ಟಿ ಮಾಡಾಕತ್ಯಾಳ," ಎಂದಳು ಮಲಿಕಾಬಿ.

"ಇವತ್ತ ನಮ್ಮ ತಿರಕಪ್ಪ ಸಂತಿಗೆ ಹೊಂಟಾನ್ರಿ," ಎಂದ ದನಿ ಅಲ್ಲಿಗೇ ನಿಂತಿತು. ರೇಡಿಯೋದಲ್ಲಿ ಬರೀ ಗುಂಯ್ ಎಂಬ ಸದ್ದು.

"ಸೆಲ್ ಹೋದುವು ನೋಡ," ಎಂದು ಭರಮಪ್ಪ ರೇಡಿಯೋದ ಬೆನ್ನಿಗೊಂದು ಬಡಿಯಲು ಕೈ ಎತ್ತಿದ. ಬಸಕ್ಕ ಹಿಟ್ಟಿನ ಕೈಯಿಂದಲೇ ಆ ಕೈ ಹಿಡಿದಳು. ಮಾಡದತ್ತ ಬಾಗಿದಳು.

"ಹೂಂ," ಅಂದಳು.

"ಹೊಂಟಾನ್ರಿ, ಬಗಲಾಗ ಹುಂಜಾ ಐತಿ, ಹುಂಜಕ್ಕೂ ಸಂತಿಗೆ ಹೋಗೂ ಮನಸಿಲ್ಲ," ಎಂದಿತು ರೇಡಿಯೋ.

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಬಸಕ್ಕ ಗಂಡನ ಕೈ ಬಿಟ್ಟಿರಲಿಲ್ಲ.