ತಟ್ಟೆಯ ಸುತ್ತ ಸಹಿ

ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಬೆಯೆಲ್ಲ ಒಳಗೇ ಸುತ್ತುತ್ತಿತ್ತು. ಅಲ್ಲಿ ದಿನವಿಡೀ ನಿಂತು ಹೋಟೆಲುಗಳ ಹೊದಿಕೆಗೆ ಇಸ್ತ್ರಿ ಹಾಕುತ್ತಿದ್ದವಳು ನನ್ನ ಚಿಕ್ಕಮ್ಮ. ನನ್ನನ್ನು ಸಾಕಿದವಳೂ ಅವಳೇ. ಮಾತಾಡುವಾಗ ಅವಳ ಎದೆಯಿಂದ ಸೀಟಿ ಊದಿದಂಥ ಸದ್ದು ಬರುತ್ತಿತ್ತು. ಗಾಳಿಯಿಲ್ಲದ ಕಡೆ ಇನ್ನು ಕೆಲಸ ಮಾಡಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

“ಕೆಲಸ ಬಿಟ್ಟು ಮನೇಲಿ ಕೂತು ನೊಣ ಹೊಡೀಲಾ?” ಎಂದಳು ಚಿಕ್ಕಮ್ಮ.

ಸರಿ, ಕಿಟಕಿ ಕೇಳಿ ಯಜಮಾನರಿಗೆ ಅರ್ಜಿ ಕೊಡೋಣ ಎಂದೆ. ನಾನು ಬಟ್ಟೆ ಮಡಿಸುವ ಮೇಜಿನ ಮೇಲೇ ಹಾಳೆ ಹರಡಿದೆವು. ಒಗೆಯುವ ಯಂತ್ರ ನೋಡಿಕೊಳ್ಳುವವನು, ನಾವೆಲ್ಲ ಅಣ್ಣ ಎಂದು ಕರೆಯುವವನು, “‘ತಮ್ಮ ಪಾದಕ್ಕೆ ಬಿದ್ದು ಬೇಡಿಕೊಳ್ಳುತ್ತೇವೆ’ ಅಂತ ಶುರು ಮಾಡು” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

“ಕೇಳ್ತಿರೋದು ಕಿಟಕಿ ಅಣ್ಣಾ, ಅವರ ಮನೆ ಅಲ್ಲ!”

ಕೊನೆಗೆ ‘ಉಸಿರಾಡಲು ಕಷ್ಟವಾಗುತ್ತಿದೆ, ಒಂದು ಕಿಟಕಿ ಇಡಿಸಿಕೊಡಿ’ ಎಂದಷ್ಟೇ ಬರೆದೆ.

ಸಹಿಯ ಹೊತ್ತಿಗೆ ಎಲ್ಲರಿಗೂ ಎಲ್ಲಿಲ್ಲದ ವಿನಯ ಬಂತು. “ನೀನು ಮೊದಲು ಹಾಕು.” “ಛೆ ಛೆ, ದೊಡ್ಡೋರು, ನೀವು ಹಾಕಿ.” ಮೊದಲ ಹೆಸರಿನ ಮೇಲೆ ಯಜಮಾನರ ಕಣ್ಣು ಬೀಳುತ್ತದೆಂಬ ಭಯ. ಇದಕ್ಕೆ ನಮ್ಮಲ್ಲೊಂದು ಹಳೆಯ ಉಪಾಯವಿದೆ. ಊಟದ ತಟ್ಟೆಯನ್ನು ಹಾಳೆಯ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಸಹಿ ಹಾಕುವುದು. ಆಗ ಮೊದಲಿನವರೂ ಇಲ್ಲ, ಕೊನೆಯವರೂ ಇಲ್ಲ. ಚಿಕ್ಕಮ್ಮನ ಸಹಿ ಮಾತ್ರ ಬೇಡವೆಂದೆವು. ಕಾಯಿಲೆಯವಳೆಂದು ಗೊತ್ತಾದರೆ ಅವಳ ಕೆಲಸಕ್ಕೇ ಸಂಚಕಾರ.

ಮರುದಿನ ಯಜಮಾನರು ಅರ್ಜಿ ಹಿಡಿದು ಕೋಣೆಗೇ ಬಂದರು. ಹಾಳೆಯನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡಿದರು. ಕೋಪವೇನೂ ಇರಲಿಲ್ಲ.

“ಯಾರಿಗೆ ಕಷ್ಟ ಆಗ್ತಿರೋದು? ನಿನಗಾ?”

“ಅಯ್ಯೋ, ನನಗಲ್ಲ” ಎಂದ ಅಣ್ಣ. ಪಕ್ಕದವನೂ ಅಲ್ಲವೆಂದು ತಲೆಯಾಡಿಸಿದ. ನಿಜ ಹೇಳಿದರೆ ಚಿಕ್ಕಮ್ಮನನ್ನು ತೋರಿಸಬೇಕಿತ್ತು. ಊರಿಗೆಲ್ಲ ಬಾಯಿಬಡುಕಿಯಾದ ನನ್ನ ಬಾಯಿಗೂ ಬೀಗ ಬಿತ್ತು.

“ಯಾರಿಗೂ ಕಷ್ಟ ಇಲ್ಲ ಅಂದ್ಮೇಲೆ ಗೋಡೆ ಯಾಕೆ ಒಡೆಸ್ಲಿ?” ಅವರು ಹಾಳೆ ಮಡಿಸತೊಡಗಿದರು.

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡು ಬಂದು ಹಾಳೆ ಇಸಿದುಕೊಂಡಳು. ತಟ್ಟೆ ಕೂತಿದ್ದ ಖಾಲಿ ಜಾಗದ ನಟ್ಟನಡುವೆ ಸಾವಕಾಶವಾಗಿ ತನ್ನ ಹೆಸರು ಬರೆದಳು.

“ಉಸಿರು ಕಟ್ಟೋದು ನನಗೆ. ಸುತ್ತ ಇರೋರು ನನ್ನ ಜನ.”

“ಮೈ ಸರಿ ಇಲ್ದಿದ್ರೆ ಮನೇಲೇ ಇರಬಹುದಲ್ಲಮ್ಮಾ?”

“ರಜ ಕೇಳಿಲ್ಲ ಸ್ವಾಮಿ. ಕಿಟಕಿ ಕೇಳಿದೀವಿ.”

ಆ ಎರಡು ಮಾತಿನ ನಡುವೆಯೇ ಸೀಟಿ ಎದ್ದಿತು. ಯಜಮಾನರು ಅವಳನ್ನು ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು. ಹಾಳೆಯನ್ನು ಜೇಬಿಗೆ ಇಟ್ಟುಕೊಂಡು ಹೋದರು. ನನಗೆ ಹೆದರಿಕೆಯಿಂದ ಆ ದಿನ ಊಟ ಸೇರಲಿಲ್ಲ.

ಕೆಲವು ದಿನ ಬಿಟ್ಟು ಗಾರೆಯವನು ಬಂದ. ಈಗ ಚಿಕ್ಕಮ್ಮ ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತಾಳೆ. ಸೀಟಿ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಮೊನ್ನೆ ಇನ್ನೊಂದು ಅರ್ಜಿ ಬರೆದೆವು. ಮಡಿಸುವ ಮೇಜಿನವರಿಗೆ ಕೂರಲು ಸ್ಟೂಲು ಬೇಕು. ಮಂಡಿ ನೋವು ಎಲ್ಲರಿಗಿಂತ ನನಗೇ ಹೆಚ್ಚು. ಅಣ್ಣ ಎಂದಿನಂತೆ ತಟ್ಟೆ ತರಲು ಎದ್ದ. ಅವನು ವಾಪಸು ಬರುವಷ್ಟರಲ್ಲಿ ಹಾಳೆಯ ನಡುವೆ ನನ್ನ ಹೆಸರು ಬರೆದಾಗಿತ್ತು.