ಎರಡು ಬ್ರೇಕಿನ ಗಾಡಿ

ನಾನು ಒಂದು ಸಣ್ಣ ಕಾರು. ಬಣ್ಣ ಬಿಳಿ. ಇಷ್ಟೇ ಹೇಳಿದರೆ ನನ್ನಂಥವು ಊರಿಗೆ ನೂರು ಸಿಕ್ಕಾವು. ಆದರೆ ನನಗೆ ಎರಡು ಬ್ರೇಕು, ಎರಡು ಕ್ಲಚ್ಚು. ಉಳಿದ ಕಾರುಗಳಲ್ಲಿ ಚಾಲಕನ ಎಡಗಡೆ ಕೂತವರು ಹೆದರಿಕೆಯಾದಾಗ ದೇವರನ್ನು ನೆನೆಯುತ್ತಾರೆ. ನನ್ನಲ್ಲಿ ಎಡಗಡೆ ಕೂತವರು ಬ್ರೇಕು ಒತ್ತುತ್ತಾರೆ.

ಹುಟ್ಟುವಾಗ ನಾನು ಹೀಗಿರಲಿಲ್ಲ. ದೂರದ ಕಾರ್ಖಾನೆಯೊಂದರಲ್ಲಿ ಒಂದೇ ಅಚ್ಚಿನ ಅಣ್ಣತಮ್ಮಂದಿರ ನಡುವೆ ಹುಟ್ಟಿದೆ. ಲಾರಿಯ ಬೆನ್ನೇರಿ ವಿಜಯಪುರಕ್ಕೆ ಬಂದೆ. ನನ್ನ ಮೊದಲ ಯಜಮಾನರು ದೇಸಾಯಿ ಎಂಬ ಬ್ಯಾಂಕ್ ಅಧಿಕಾರಿ. ಅವರು ನನ್ನ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯವರೆಗೂ ತೆಗೆಯಲಿಲ್ಲ. ಬೇಸಿಗೆಯಲ್ಲಿ ಅದು ಬೆವರಿದ ತೊಡೆಗೆ ಅಂಟಿ ಅವರ ಮಕ್ಕಳು ಅಳುತ್ತಿದ್ದರು. ನನ್ನ ಬಾಗಿಲಿಗೆ ಒಂದು ಗೀರು ಬಿದ್ದ ದಿನ ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ವಾರಕ್ಕೊಮ್ಮೆ ಗುಡಿಯವರೆಗೆ ಹೋಗುವುದು, ಬರುವುದು, ಒರೆಸಿಕೊಂಡು ನಿಲ್ಲುವುದು. ಅದನ್ನು ಬಾಳು ಎನ್ನುವವರು ಎನ್ನಲಿ, ನಾನಂತೂ ಎನ್ನುವುದಿಲ್ಲ.

ದೇಸಾಯಿಯವರಿಗೆ ವರ್ಗವಾಯಿತು. ನಾನು ಬಾಗಲಕೋಟೆಯ ನವನಗರಕ್ಕೆ, ಬಸಲಿಂಗಪ್ಪನವರ ಮನೆಗೆ ಬಂದೆ. ಅವರು ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಬದುಕೆಲ್ಲ ಎತ್ತರದ ಸೀಟಿನಲ್ಲಿ ಕೂತು ಜಗತ್ತನ್ನು ಮೇಲಿನಿಂದ ನೋಡಿದವರಿಗೆ ನಾನು ಯಾವ ಲೆಕ್ಕ? ಮೊದಲ ದಿನವೇ ನನಗೆ ‘ಕಡ್ಡಿಪೆಟ್ಟಿಗಿ’ ಎಂದು ಹೆಸರಿಟ್ಟರು. ಹೆಂಡತಿ ಮಹಾನಂದಾಗೆ ಗಾಡಿ ಕಲಿಸುವುದಕ್ಕೆ ಇಷ್ಟು ಸಾಕು ಎಂದರು.

ಕಲಿಸಿದ ಚೆಂದವನ್ನೂ ನೋಡಿದೆ.

“ಕ್ಲಚ್ ಬಿಡು! ಏ, ಬಿಡಬ್ಯಾಡ! ಬಿಡು ಅಂದ್ನಲ್ಲ! ಅಯ್ಯ, ಯಾಕ ಬಿಟ್ಟಿ?”

ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಎಂದೂ ದನಿ ಏರಿಸದ ಮನುಷ್ಯ ಒಬ್ಬಳೇ ಹೆಂಡತಿಯನ್ನು ಕೂರಿಸಿಕೊಂಡು ಬಡಾವಣೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಒಂದು ಬೆಳಿಗ್ಗೆ ಮಹಾನಂದಾ ರಸ್ತೆಯ ನಡುವೆಯೇ ನನ್ನನ್ನು ನಿಲ್ಲಿಸಿ, ಕೀಲಿ ತೆಗೆದುಕೊಂಡು, ಗಂಡನನ್ನು ಒಳಗೇ ಬಿಟ್ಟು ಮನೆಗೆ ನಡೆದು ಹೋದಳು. ಒಲೆಯ ಮೇಲೆ ಬೇಳೆ ಇಟ್ಟಳು. ಅದು ಬೇಯುವ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು. ನೆರೆಮನೆಯ ನರ್ಸಮ್ಮನ ಜೊತೆ ಕೂತು ಕಲಿತಳು, ಲೈಸೆನ್ಸು ಪಡೆದಳು, ಕಲಿಸುವ ಪರವಾನಗಿಯನ್ನೂ ಪಡೆದಳು.

“ಹೆಣ್ಮಕ್ಕಳಿಗೆ ಗಾಡಿ ಕಲಸ್ತೀನಿ. ನನ್ನ ಗಾಡ್ಯಾಗ ಯಾರೂ ಯಾರಿಗೂ ಬೈಯೂದಿಲ್ಲ,” ಎಂದಳು ಗಂಡನಿಗೆ.

ಹಾಗೆ ನನ್ನ ಎರಡನೆಯ ಜನ್ಮವಾಯಿತು. ಹಳೆ ಬಾಗಲಕೋಟೆಯ ಮೆಹಬೂಬ ಮಿಸ್ತ್ರಿ ನನ್ನ ಎಡಗಡೆ ಕೂತವರು ಕಾಲಿಡುವ ಜಾಗಕ್ಕೆ ರಂಧ್ರ ಕೊರೆದು, ಸರಳು ಹಾಯಿಸಿ, ಇನ್ನೊಂದು ಜೊತೆ ಪೆಡಲು ಕೂರಿಸಿದ. ನೋವಾಯಿತು. ಆದರೆ ಆ ಪ್ಲಾಸ್ಟಿಕ್ ಹಾಳೆಯ ಕೆಳಗೆ ಉಸಿರುಗಟ್ಟಿದ್ದಕ್ಕಿಂತ ಈ ನೋವು ಎಷ್ಟೋ ವಾಸಿ.

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆಗಳವರಿಗಾಗಿ ಕಟ್ಟಿದ ಊರು ನವನಗರ. ಅಗಲವಾದ ರಸ್ತೆಗಳು, ನಡುವೆ ಖಾಲಿ ಬಯಲುಗಳು. ಆ ಬಯಲಲ್ಲಿ ನನ್ನ ಸ್ಟಿಯರಿಂಗ್ ಹಿಡಿಯದ ಕೈ ಯಾವುದು? ಸೀಮೆಸುಣ್ಣದ ಪುಡಿ ಅಂಟಿದ ಕೈ, ಈರುಳ್ಳಿ ವಾಸನೆಯ ಕೈ, ಹಸಿರು ಬಳೆ ತುಂಬಿದ ಕೈ. ಎಲ್ಲವೂ ಮೊದಲ ದಿನ ಒಂದೇ ರೀತಿ ಬೆವರುತ್ತವೆ. ನನ್ನ ಮೈಮೇಲಿನ ಗುಳಿಗಳನ್ನು ನೋಡಿ ಜನ ನಗುತ್ತಾರೆ. ನಗಲಿ. ಬಲಗಡೆಯ ಮಡ್‌ಗಾರ್ಡಿನ ಗುಳಿ ತಹಶೀಲ್ದಾರ ಕಚೇರಿಯ ಸುಮಿತ್ರಾಳದು, ಅವಳೀಗ ದಿನವೂ ಮುಧೋಳಕ್ಕೆ ತಾನೇ ಗಾಡಿ ಓಡಿಸಿಕೊಂಡು ಹೋಗುತ್ತಾಳೆ. ಹಿಂದಿನ ಗುಳಿ ಹೊಲಿಗೆಯ ಜುಬೇದಾಳದು, ಕಾಯಿಲೆ ಬಿದ್ದ ತಾಯಿಯನ್ನು ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ್ದು ಅವಳೇ. ಇಂಥ ಗುಳಿಗಳನ್ನು ತಟ್ಟಿ ಸರಿಮಾಡಿಸುವುದು ಎಂದರೆ ಮೆಡಲು ಕಿತ್ತು ಬಿಸಾಡಿದಂತೆ.

ಮಹಾನಂದಾ ಕಲಿಸುವ ಬಗೆ ನನಗೆ ಮಾತ್ರ ಗೊತ್ತಿತ್ತು. ಹೊಸಬರು ತಪ್ಪಿದಾಗ ಅವಳು ತನ್ನ ಬ್ರೇಕನ್ನು ಎಷ್ಟು ಮೆಲ್ಲಗೆ ಒತ್ತುತ್ತಿದ್ದಳೆಂದರೆ, ಗಾಡಿ ನಿಲ್ಲಿಸಿದ್ದು ತಾವೇ ಎಂದು ಅವರು ನಂಬುತ್ತಿದ್ದರು. “ಭೇಷ್, ಚೊಲೊ ನಿಲ್ಲಿಸಿದಿ,” ಎನ್ನುತ್ತಿದ್ದಳು. ದಿನ ಕಳೆದಂತೆ ಅವಳ ಪಾದದ ಭಾರ ಕಡಿಮೆಯಾಗುತ್ತಿತ್ತು. ಕೊನೆಗೊಂದು ದಿನ ಚಪ್ಪಲಿ ಕಳಚಿ, ಎರಡೂ ಕಾಲು ಮೇಲೆ ಮಡಚಿ, ಪಂಕ್ತಿಗೆ ಕೂತವಳಂತೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಆಮೇಲೆ ಆ ಹೆಣ್ಣುಮಗಳು ಯಾರಿಗೂ ಹೆದರಬೇಕಿರಲಿಲ್ಲ.

ಇಷ್ಟರಲ್ಲಿ ನನಗೆ ವಯಸ್ಸಾಯಿತು. ತರಬೇತಿಯ ಗಾಡಿಯಾಗಿ ರಸ್ತೆಗಿಳಿಯುವ ಅವಧಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಬಸಲಿಂಗಪ್ಪ ಅದಕ್ಕೇ ಕಾದಿದ್ದರೇನೋ. ಒಂದು ಬೆಳಿಗ್ಗೆ ಶೋರೂಮಿನ ಸಮ್ಮೇದ ಎಂಬವನು ಹೊಚ್ಚ ಹೊಸ ಕಾಂಪ್ಯಾಕ್ಟ್ ಎಸ್‌ಯುವಿಯನ್ನು ಟೆಸ್ಟ್ ಡ್ರೈವಿಗೆಂದು ನಮ್ಮ ಬಯಲಿಗೇ ತಂದು, ನನ್ನ ಪಕ್ಕದಲ್ಲೇ ನಿಲ್ಲಿಸಿದ.

ಚೆಂದವಿತ್ತು. ಸುಳ್ಳು ಹೇಳಲಾರೆ. ಜಾತ್ರೆಗೆ ತೊಳೆದು ನಿಲ್ಲಿಸಿದ ಹೋರಿಯ ಹಾಗೆ ಎದೆಯೆತ್ತಿ ನಿಂತಿತ್ತು. ಅದರ ಬಾಗಿಲು ಹಾಕಿದರೆ ‘ಧಪ್’ ಎಂದು ತುಂಬಿದ ಸದ್ದು. ನನ್ನದು ಹಾಕಿದರೆ ಪಾತ್ರೆ ಬಿದ್ದ ಸದ್ದು. ಆದರೂ ನಾನು ಕಣ್ಣು ತಗ್ಗಿಸಲಿಲ್ಲ. ತಗ್ಗಿಸಲು ನನಗೆ ಬರುವುದೂ ಇಲ್ಲ, ನನ್ನ ಹೆಡ್‌ಲೈಟುಗಳನ್ನು ನೆಟ್ಟಗೆ ಕೂರಿಸಿದ್ದಾರೆ.

ಸಮ್ಮೇದ ಮೊದಲು ನನ್ನ ಸುತ್ತ ತಿರುಗಿದ. ಬೆರಳಲ್ಲಿ ನನ್ನ ಗುಳಿಗಳನ್ನು ಟಕಟಕ ಬಡಿದು ನೋಡಿದ.

“ಎಕ್ಸ್‌ಚೇಂಜಿಗೆ ತಗೋತೀವ್ರಿ ಅಂಕಲ್. ಆದ್ರ ಭಾಳ ಬಡಿಸಿಕೊಂಡೈತಿ ಇದು.”

“ಕಡ್ಡಿಪೆಟ್ಟಿಗಿ ಅಲ್ಲೇನ್ರಿ,” ಎಂದು ಬಸಲಿಂಗಪ್ಪ ನಕ್ಕರು. “ಇದರಾಗ ಕುಂತ್ರ ನೆಲಕ್ಕ ಕುಂತಂಗ. ಎಮ್ಮಿ ಸೈತ ನಮ್ಮನ್ನ ಮ್ಯಾಲಿಂದ ನೋಡ್ತಾವು.”

ಮಹಾನಂದಾ ಹೊಸದರ ಸ್ಟಿಯರಿಂಗ್ ಹಿಡಿದು ಬಯಲನ್ನು ಸುತ್ತಿದಳು. ನಾನು ಹಾರಿ ಬೀಳುವ ಉಬ್ಬುಗಳ ಮೇಲೆ ಅದು ದೋಣಿಯಂತೆ ತೇಲಿತು. ಇಳಿದು ಬಂದಾಗ ಅವಳ ಮುಖ ಅರಳಿತ್ತು.

“ಹೆಂಗೈತಿ?” ಎಂದರು ಗಂಡ.

“ಹಾಸಿಗಿ ಮ್ಯಾಲ ಕುಂತಂಗ ಐತಿ.”

“ಸನ್‌ರೂಫ್ ಸೈತ ಐತ್ರಿ ಅಕ್ಕಾರ,” ಎಂದು ಸಮ್ಮೇದ ಛಾವಣಿ ತೆರೆದು ತೋರಿಸಿದ.

“ನಮ್ಮ ಊರ ಬಿಸಲಾಗ ಛಾವಣಿ ತಗದು ಕುಂದ್ರಾಕ ನಾವೇನು ಹಪ್ಪಳೇನಪಾ? ಅದಿರಲಿ, ಇದು ಬಂದ್ ಯಾವಾಗ ಬೀಳ್ತೈತಿ?”

“ಬೀಳೂದ ಇಲ್ರಿ. ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ. ಏರಿನ್ಯಾಗ ಬಿಟ್ರೂ ಹಿಂದ ಜಾರೂದಿಲ್ಲ. ಯಾರರೆ ಅಡ್ಡ ಬಂದ್ರ ಕುಂಯ್ ಕುಂಯ್ ಅಂತೈತಿ.”

“ಹಂಗಾರ ನಾ ಏನ್ ಮಾಡ್ಲಿ?” ಎಂದಳು ಮಹಾನಂದಾ. ಅವಳು ತಮಾಷೆ ಮಾಡಿದಳೆಂದು ಇಬ್ಬರೂ ನಕ್ಕರು.

ಈಗ ಗಂಡ ಓಡಿಸಿದರು, ಅವಳು ಎಡಗಡೆ ಕೂತಳು. ಒಂದು ಸುತ್ತು ಮುಗಿಸಿ ನನ್ನ ಮುಂದೆ ಬರುತ್ತಿದ್ದಂತೆ ಆಡುಗಳ ಹಿಂಡೊಂದು ಅಡ್ಡ ನುಗ್ಗಿತು. ಗಾಡಿ ತಾನೇ ಕೂಗಿತು, ಬಸಲಿಂಗಪ್ಪ ನಿಲ್ಲಿಸಿದರು. ಏನೂ ಆಗಲಿಲ್ಲ. ಆದರೆ ಮಹಾನಂದಾ ಇಳಿದವಳೇ ಹಿಮ್ಮಡಿ ಹಿಡಿದುಕೊಂಡು ನನ್ನ ಬಾನೆಟ್ಟಿಗೆ ಒರಗಿದಳು. ಇಲ್ಲದ ಬ್ರೇಕನ್ನು ಜೋರಾಗಿ ತುಳಿದು ಅವಳ ಪಾದ ನೆಲಕ್ಕೆ ಬಡಿದಿತ್ತು.

“ಏನು ಹುಚ್ಚಿ ಅದೀಯೇ! ಬಸ್ ಓಡಿಸಿದಾಂವ ಇದ್ದೀನಿ ಬಾಜೂಕ. ಎದಕ್ಕ ತುಳೀತಿ?”

“ನೀವು ಇದ್ರಿ. ನಾಳೆ ನಿಮ್ಮ ಜಾಗದಾಗ ಹೊಸದಾಗಿ ಕಲಿಯಾಕಿ ಕುಂತಿರ್ತಾಳ.”

ಅಲ್ಲಿಯವರೆಗೆ ಬೇವಿನ ನೆರಳಲ್ಲಿ ತನ್ನ ಸರದಿಗೆ ಕಾದಿದ್ದ ಕಸ್ತೂರೆವ್ವ ಎದ್ದು ಬಂದಳು. ಬಸ್ ನಿಲ್ದಾಣದ ಹಿಂದೆ ಅವಳದೊಂದು ಖಾನಾವಳಿ. ಬಸ್ಸಿನಷ್ಟೇ ಗಟ್ಟಿ ಹೆಂಗಸು. ಹಾಸ್ಟೆಲುಗಳಿಗೆ ಜೋಳದ ರೊಟ್ಟಿ ಮುಟ್ಟಿಸಲು ಒಂದು ಸಣ್ಣ ಟೆಂಪೋ ಕೊಂಡಿದ್ದಳು. ಬಾಡಿಗೆಯ ಚಾಲಕ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನು ಬಾರದ ದಿನ ರೊಟ್ಟಿ ಬುಟ್ಟಿಯಲ್ಲೇ ಉಳಿದು, ಅತ್ತ ಹುಡುಗಿಯರು ಹಸಿದಿರುತ್ತಿದ್ದರು. ತಾನೇ ಓಡಿಸುತ್ತೇನೆಂದು ಹಟ ಹಿಡಿದವಳು ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಳು. ಏರಿನಲ್ಲಿ ಎಂಜಿನ್ ಆರಿ ನಾನು ಬಂದ್ ಬಿದ್ದೊಡನೆ ಸ್ಟಿಯರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದಳು.

ಅವಳು ಹೊಸದರ ಮೈ ಸವರಿ ಹೇಳಿದಳು: “ಅಕ್ಕಾರ, ಇದನ್ನ ತಗೋರಿ. ನಾ ಇದರಾಗ ಪಾಸಾಗ್ತೀನಿ. ಇದು ಬಂದ್ ಬೀಳೂದಿಲ್ಲಂತ.”

ನನ್ನವಳೇ, ನನ್ನ ಎದುರಿಗೇ! ಎಷ್ಟು ಸಲ ಅವಳ ಭಾರಕ್ಕೆ ಒಂದು ಕಡೆ ವಾಲಿಕೊಂಡು ಈ ಬಯಲು ಸುತ್ತಿದ್ದೇನೆ!

“ಪಾಸಾಗ್ತಿ. ನಿನ್ನ ಟೆಂಪೋಕ್ಕ ಕ್ಲಚ್ ಐತಿಲ್ಲೋ?” ಎಂದಳು ಮಹಾನಂದಾ.

“ಐತ್ರಿ.”

“ಅದು ಬಂದ್ ಬಿದ್ರ?”

ಕಸ್ತೂರೆವ್ವ ಸೆರಗಿನ ಅಂಚು ತಿರುಚುತ್ತ ನಿಂತಳು.

ಬಸಲಿಂಗಪ್ಪನವರಿಗೆ ತಾಳ್ಮೆ ಹೋಯಿತು. “ಆತು, ಈ ಮಾತು ಇಲ್ಲೇ ಮುಗಿಸೂಣು. ಮುಂದಿನ ವಾರ ಈಕಿ ಪರೀಕ್ಷೆ ಐತಿ. ಇದರಾಗ ಪಾಸಾದ್ಲು ಅಂದ್ರ ನಿನ್ನ ಕಡ್ಡಿಪೆಟ್ಟಿಗಿ ನಿನ್ನ ಕಡೆ ಇರಲಿ. ಬಿದ್ಲು ಅಂದ್ರ ಇದು ಎಕ್ಸ್‌ಚೇಂಜಿಗೆ, ನಾ ಹೇಳಿದ್ದ ಗಾಡಿ ಮನೀಗೆ. ಒಪ್ಪಿಗಿ?”

“ಒಪ್ಪಿಗಿ,” ಎಂದಳು ಮಹಾನಂದಾ. ಒಬ್ಬರೂ ನನ್ನನ್ನು ಕೇಳಲಿಲ್ಲ.

ಆ ವಾರವಿಡೀ ಮಹಾನಂದಾ ಒಂದೇ ಕೆಲಸ ಮಾಡಿದಳು. ಕಸ್ತೂರೆವ್ವನನ್ನು ಏರಿಗೆ ಕರೆದುಕೊಂಡು ಹೋಗಿ ಬೇಕೆಂದೇ ನನ್ನನ್ನು ಬಂದ್ ಬೀಳಿಸಿದಳು.

“ಬಂದ್ ಬಿತ್ತು. ಈಗ ಹ್ಯಾಂಡ್ ಬ್ರೇಕ್ ಎಳಿ. ಉಸಿರು ಬಿಡು. ಹಂಚಿನ ಮ್ಯಾಲ ರೊಟ್ಟಿ ಹರದ್ರ ಮಾರಿ ಮುಚ್ಚಿಕೊಂಡು ಅಳ್ತೀಯೇನು?”

“ಎದಕ್ಕ ಅಳ್ಲಿ? ತಗದು ಇನ್ನೊಂದು ಬಡೀತೀನಿ.”

“ಇದೂ ಹಂಗ. ಇನ್ನೊಮ್ಮೆ ಹಚ್ಚು.”

ನನ್ನ ಎಂಜಿನ್ ಕೆಮ್ಮಿತು, ಕ್ಲಚ್ಚು ಸುಟ್ಟ ವಾಸನೆ ಹೊಡೆಯಿತು, ಮುದಿ ಮೂಳೆಗಳೆಲ್ಲ ಕಿರುಗುಟ್ಟಿದವು. ಆದರೂ ಸಾಕು ಎನ್ನಲಿಲ್ಲ. ಪರೀಕ್ಷೆಯ ಹಿಂದಿನ ದಿನ ಅದೇ ಏರಿನ ನಡುವೆ ಮಹಾನಂದಾ ಚಪ್ಪಲಿ ಕಳಚಿ ಕಾಲು ಮಡಚಿದಳು. ಕಸ್ತೂರೆವ್ವನ ಕಣ್ಣು ತುಂಬಿ ಬಂತು. “ಅಳಬ್ಯಾಡ, ರಸ್ತಾ ಕಾಣಂಗಿಲ್ಲ,” ಎಂದಳು ಮಹಾನಂದಾ.

ಪರೀಕ್ಷೆಯ ದಿನ ಅಧಿಕಾರಿ ನನ್ನ ಎಡಗಡೆ ಕೂತರು. ಮಹಾನಂದಾ ಬೇಲಿಯಾಚೆ, ಬಸಲಿಂಗಪ್ಪನವರ ಪಕ್ಕ ನಿಂತಿದ್ದಳು. ಎಂಟರ ಆಕಾರದಲ್ಲಿ ತಿರುಗಿದೆವು. ಹಿಂದಕ್ಕೆ ಹೋದೆವು. ಆಮೇಲೆ ಏರು. ನಡುವಿನ ಗೆರೆಯ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕು. ಕಸ್ತೂರೆವ್ವ ನಿಲ್ಲಿಸಿದಳು. ಹೊರಡುವಾಗ ಅವಳ ಎಡಗಾಲು ನಡುಗಿತು. ನಾನು ಬಂದ್ ಬಿದ್ದೆ.

ಹೌದು, ಬಿದ್ದೆ. ನನ್ನ ತಲೆಯೇ ಪಣವಾಗಿದ್ದ ದಿನವೂ ಬಿದ್ದೆ. ತಪ್ಪನ್ನು ಮುಚ್ಚಿಡುವ ಜಾತಿಯಲ್ಲಿ ನಾನು ಹುಟ್ಟಿಲ್ಲ. ಆ ಎಸ್‌ಯುವಿಯಾಗಿದ್ದರೆ ಅವಳ ನಡುಕವನ್ನು ನುಂಗಿ, ಅವಳನ್ನು ಮೇಲಕ್ಕೆ ಹೊತ್ತುಕೊಂಡು ಹೋಗುತ್ತಿತ್ತು. ನಾಳೆ ಟೆಂಪೋದಲ್ಲಿ, ರೊಟ್ಟಿಯ ಬುಟ್ಟಿಗಳೊಂದಿಗೆ, ಹಿಂದೆ ಬಸ್ಸು ನಿಂತಿರುವಾಗ ಯಾರು ಹೊರುತ್ತಿದ್ದರು?

ಬೇಲಿಯಾಚೆ ಬಸಲಿಂಗಪ್ಪ “ಮುಗೀತು” ಎಂದದ್ದು ನನಗೆ ಕೇಳಿಸಿತು.

ಕಸ್ತೂರೆವ್ವನ ಕೈ ಮುಖಕ್ಕೆ ಹೋಗಲಿಲ್ಲ. ಹ್ಯಾಂಡ್ ಬ್ರೇಕಿಗೆ ಹೋಯಿತು. ನಾನು ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ. ಅವಳು ಉಸಿರು ಬಿಟ್ಟಳು. “ಇನ್ನೊಂದು ಬಡೀತೀನ್ರಿ ಸಾಹೇಬ್ರ,” ಎಂದಳು. ಅಧಿಕಾರಿ ಏನು ತಿಳಿದುಕೊಂಡರೋ, ಬೆಚ್ಚಿ ಸ್ವಲ್ಪ ಪಕ್ಕಕ್ಕೆ ಸರಿದರು. ಅವಳು ನನ್ನನ್ನು ಚಾಲೂ ಮಾಡಿದಳು, ಕ್ಲಚ್ಚನ್ನು ಎಳೆ ಎಳೆಯಾಗಿ ಬಿಟ್ಟಳು. ನನ್ನಲ್ಲಿ ಉಳಿದಿದ್ದ ಕಸುವನ್ನೆಲ್ಲ ಒಟ್ಟುಗೂಡಿಸಿ ನಾನು ಏರು ಹತ್ತಿದೆ.

“ಬಂದ್ ಬಿದ್ರೂ ಹಿಂದ ಜಾರಲಿಲ್ಲ. ಪಾಸ್. ಮುಂದಿನವರು ಬರ್ರಿ,” ಎಂದರು ಅಧಿಕಾರಿ.

ಬಸಲಿಂಗಪ್ಪ ಸೋತರೂ ಮಾತಿಗೆ ತಪ್ಪುವವರಲ್ಲ. ಹತ್ತಿರ ಬಂದು ನನ್ನ ಬಿಸಿ ಬಾನೆಟ್ಟನ್ನು ಒಮ್ಮೆ ತಟ್ಟಿದರು. “ಹುಂ” ಎಂದರು. ಬಸ್ ಚಾಲಕರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ವರ್ಷದ ಕೊನೆಗೆ, ನನ್ನನ್ನು ಎಕ್ಸ್‌ಚೇಂಜಿಗೆ ಕೊಡದೆಯೇ, ಹೊಸ ಗಾಡಿಯೂ ಬಂತು. ಅದೇ ಎಸ್‌ಯುವಿ, ಆದರೆ ಮಹಾನಂದಾ ಕೇಳಿದಂತೆ ಕ್ಲಚ್ಚು ಇರುವುದು. ಮೆಹಬೂಬ ಮಿಸ್ತ್ರಿ ಅದಕ್ಕೂ ಎರಡನೆಯ ಜೊತೆ ಪೆಡಲು ಕೂರಿಸಿದ. ಕೊರೆಯುವಾಗ ಅದು ಕೂಗಿದ್ದು ಕೇಳಿ ಪಾಪ ಎನಿಸಿತು. ಇರಲಿ, ಮನುಷ್ಯರ ಕೆಲಸಕ್ಕೆ ಬೀಳುವುದೆಂದರೆ ಹಾಗೆಯೇ.

ನನ್ನ ಅವಧಿ ಮುಗಿದಿದೆ. ರಸ್ತೆ ಈಗ ನನ್ನದಲ್ಲ. ಮಹಾನಂದಾಳ ಮನೆಯಂಗಳದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಇದ್ದೇನೆ. ಹಾಗೆಂದು ಕೋಳಿ ಕೂರಲು ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ತಿಳಿಯಬೇಡಿ. ಗಾಡಿ ಕಲಿಯಲು ಬರುವ ಪ್ರತಿ ಹೆಂಗಸೂ ಮೊದಲು ನನ್ನಲ್ಲೇ ಕೂರಬೇಕು. ಅಂಗಳದೊಳಗೇ ಎರಡು ಮಾರು ಮುಂದೆ, ಎರಡು ಮಾರು ಹಿಂದೆ. ಬಂದ್ ಬೀಳಿಸಬೇಕು, ಮತ್ತೆ ಹಚ್ಚಬೇಕು. ಅಂಜಿಕೆಯನ್ನು ನನ್ನಲ್ಲಿ ಇಳಿಸಿದ ಮೇಲೆಯೇ ಅವರಿಗೆ ಆ ಎತ್ತರದ ಗಾಡಿಯ ಬಾಗಿಲು ತೆರೆಯುವುದು.

ಮೊನ್ನೆ ಗುಜರಿಯವನೊಬ್ಬ ಗೇಟಿನ ಸರಳು ಹಿಡಿದು ಒಳಗೆ ಇಣುಕಿದ. ಮಹಾನಂದಾ ನನ್ನ ಎಡಗಡೆ ಕೂತು ಸೊಪ್ಪು ಸೋಸುತ್ತಿದ್ದಳು. ಬಲಗಡೆ ಹೊಸದಾಗಿ ಬಂದ ಅಂಗನವಾಡಿ ಟೀಚರು ಕ್ಲಚ್ಚು ಒತ್ತಿಕೊಂಡು ಬೆವರುತ್ತಿದ್ದಳು.

“ಅಕ್ಕಾರ, ಆ ನಿಂತ ಗಾಡಿ ಕೊಡ್ತೀರೇನ್ರಿ?” ಎಂದ ಅವನು.

ಅವನ ದನಿಗೆ ಬೆಚ್ಚಿ ಟೀಚರಮ್ಮ ಕ್ಲಚ್ಚು ಬಿಟ್ಟುಬಿಟ್ಟಳು. ನಾನು ಗುರ್ ಎಂದು ಗೇಟಿನತ್ತ ಒಂದೇ ನೆಗೆತ ನೆಗೆದೆ. ಗುಜರಿಯವನು ಹಿಂದಕ್ಕೆ ಹಾರಿ, ಗಟಾರ ದಾಟಿ, ರಸ್ತೆಯ ಆಚೆ ಬದಿಯಲ್ಲಿ ಹೋಗಿ ನಿಂತ. ಮಡಿಲಿನ ಸೊಪ್ಪೆಲ್ಲ ಚೆಲ್ಲಿದರೂ ಮಹಾನಂದಾ ಬ್ರೇಕು ಒತ್ತಿದ್ದಳು. ಗೇಟು ಇನ್ನೂ ಒಂದು ಗೇಣು ದೂರವಿತ್ತು.

“ಯಾವ ಗಾಡಿ ಅಂದ್ಯೋ ತಮ್ಮಾ?” ಎಂದು ಕೇಳಿದಳು ಅವಳು.