ಯರ್ರೆಪ್ಪ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ

ಯರ್ರೆಪ್ಪನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತದೆ. ಇಪ್ಪತ್ತು ವರ್ಷವಾಯಿತು. ಅದನ್ನು ಮುಚ್ಚಿಡುವ ಆಸಾಮಿ ಅವನಲ್ಲ. ಪಕ್ಕದಲ್ಲಿ ಯಾರಿದ್ದರೂ ಸರಿ, ತಲೆ ವಾರೆ ಮಾಡಿ, "ಈಗ ಯಾರಾದ್ರೂ ಮಾತಾಡಿದ್ರೇನ್ರಿ?" ಎಂದು ಕೇಳುತ್ತಾನೆ. ಇಲ್ಲ ಎಂದರೆ, "ಹಂಗಾರ ಅದು ನಂದು ಬಿಡ್ರಿ" ಎಂದು ಕಂಬಳಿ ಕೊಡವಿ ವ್ಯಾಪಾರಕ್ಕೆ ಕೂರುತ್ತಾನೆ.

ಕೂಡ್ಲಿಗಿ ಬಸ್ ನಿಲ್ದಾಣದ ಹೊರಗೆ ನಮ್ಮ ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಪಕ್ಕದಲ್ಲೇ ಅವನು ಮಾರಲು ಕಂಬಳಿ ಹರವುತ್ತಾನೆ. ಕುರಿ ಮಾರಿ ಹತ್ತು ವರ್ಷವಾದರೂ ಇನ್ನೂ ಮುಂದೆ ಹಿಂಡು ಹೋಗುತ್ತಿದೆಯೇನೋ ಎಂಬಂತೆ ಎರಡು ಕೈ ಅಗಲಿಸಿಕೊಂಡು ನಡೆಯುತ್ತಾನೆ. ಬೇಸಿಗೆಯಲ್ಲೂ ಕರಿ ಕೋಟು. ಎಡ ಜೇಬಿನಲ್ಲಿ ಎಲೆ ಅಡಿಕೆ, ಬಲ ಜೇಬಿನಲ್ಲಿ ಮಾತ್ರೆ. ಎರಡನ್ನೂ ನಾಲ್ಕು ಜನರ ನಡುವೆಯೇ ಬಾಯಿಗೆ ಹಾಕುತ್ತಾನೆ. ಯಾರಾದರೂ ದಿಟ್ಟಿಸಿದರೆ, "ಬಿಪಿ ಗುಳಿಗಿ ನೀವು ಬಾಗಲಾ ಹಾಕ್ಕೊಂಡು ನುಂಗ್ತೀರೇನು?" ಎನ್ನುತ್ತಾನೆ.

ಮೊದಮೊದಲು ಮನೆಯವರು ಅವನ ಮೈಮೇಲೆ ದೇವರು ಬಂದಿದೆ ಎಂದು ಪೂಜೆ ಮಾಡಿಸಿದರಂತೆ. ಹೆಂಡತಿ ತಿಪ್ಪೇರುದ್ರಮ್ಮ ಒಪ್ಪಲಿಲ್ಲ. "ನಮ್ ದೇವ್ರು ಇಷ್ಟು ಹೊಲಸು ಬೈಯಾಂಗಿಲ್ಲ" ಎಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮಾತ್ರೆಯಿಂದ ಆ ಮಾತು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಉಳಿದದ್ದನ್ನು ಹತ್ತಿರದವರನ್ನು ಕೇಳಿ ಖಾತ್ರಿ ಮಾಡಿಕೋ ಎಂದು ಕಲಿಸಿದವಳೂ ಅವಳೇ.

ಒಮ್ಮೆ ಬಾಳೆಹಣ್ಣಿನ ಪಕ್ಕೀರಪ್ಪ ಚೇಷ್ಟೆಗೆ, "ಹೂಂ, ನನಗೂ ಕೇಳಿಸ್ತು" ಎಂದುಬಿಟ್ಟ. ಯರ್ರೆಪ್ಪ ತಣ್ಣಗೆ ಕೇಳಿದ:

"ಏನಂತಲೇ?"

"ಏನೋ... ಬಾ ಅಂತು."

"ಸುಳ್ಳು. ಪಕ್ಕೀರನ ಹಣ್ಣು ಕೊಳತಾವು, ತಗೋಬ್ಯಾಡ ಅಂತು."

ಬಸ್ಸಿಗೆ ಕಾದವರೆಲ್ಲ ನಕ್ಕರು. ಪಕ್ಕೀರಪ್ಪ ಮತ್ತೆ ಅವನಿಗೆ ಸುಳ್ಳು ಹೇಳಲಿಲ್ಲ.

ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅಂಗಡಿಯ ಹಿಂದಿನಿಂದ ಅವರ ಕೆಮ್ಮು ಕೇಳಿಸತೊಡಗಿತು. ಯಾರಿಗೂ ಹೇಳಲಿಲ್ಲ. ಹುಚ್ಚಿ ಕೈಯ ಮಂಡಕ್ಕಿ ಯಾರು ತಿನ್ನುತ್ತಾರೆ ಎಂಬ ಭಯ. ಅನ್ನ ಸೇರದು, ನಿದ್ದೆ ಹತ್ತದು. ಒಂದು ಮಂಗಳವಾರ ಬಾಣಲೆಯ ಮುಂದೆ ಕೂತಾಗ ಕೆಮ್ಮು ಮತ್ತೆ ಕೇಳಿಸಿತು. ಕೇಳಿಯೇಬಿಟ್ಟೆ.

"ಯರ್ರೆಪ್ಪ, ಈಗ ಯಾರಾದ್ರೂ ಕೆಮ್ಮಿದ್ರೇನು?"

ಅವನು ಹೂಂ ಅನ್ನಲಿ ಎಂದು ನನಗೆ ಆಸೆಯಿತ್ತು. ಅವನು ಬಹಳ ಹೊತ್ತು ಕಿವಿಗೊಟ್ಟ.

"ಇಲ್ಲಕ್ಕ. ಯಾರೂ ಕೆಮ್ಮಿಲ್ಲ."

ನಾನು ಅತ್ತುಬಿಟ್ಟೆ. ಅವನು ಸುಮ್ಮನಿರು ಎನ್ನಲಿಲ್ಲ, ಅಳಲು ಬಿಟ್ಟ. ಆಮೇಲೆ ತಾನೇ ಒಲೆ ಆರಿಸಿದ. "ಏಳಕ್ಕ, ನಮ್ ಡಾಕ್ಟರಮ್ಮ ಇವತ್ತು ಬಂದಾಳ. ಚೀಟಿ ನಾ ಮಾಡಿಸ್ತೀನಿ, ಅಲ್ಲಿ ನಾ ಹಳೇ ಗಿರಾಕಿ."

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಅಂಗಡಿಗೆ ಬರುವವರೇ ಆರು ಜನ. ಎಲ್ಲರೂ ನೆಲ ನೋಡುತ್ತಿದ್ದರು. ಯರ್ರೆಪ್ಪ ಒಬ್ಬೊಬ್ಬರನ್ನೇ ಹೆಸರು ಹಿಡಿದು, "ನಿದ್ದಿ ಬಂತೇನು? ಗುಳಿಗಿ ಬಿಟ್ಟಿಲ್ಲ ಹೌದಿಲ್ಲೋ?" ಎಂದು ಮದುವೆ ಮನೆಯ ಯಜಮಾನನಂತೆ ವಿಚಾರಿಸಿದ. ಮುಖಗಳು ಮೇಲೆದ್ದವು. ಡಾಕ್ಟರಮ್ಮ ನನ್ನ ಮಾತು ಪೂರ್ತಿ ಕೇಳಿ, ಗಂಡನನ್ನು ಕಳೆದುಕೊಂಡ ಎಷ್ಟೋ ಜನಕ್ಕೆ ಹೀಗಾಗುತ್ತದೆ, ವಾರಕ್ಕೊಮ್ಮೆ ಬಂದು ಮಾತಾಡಿ ಎಂದರು. ಹೋಗುತ್ತಿದ್ದೇನೆ. ಈಗ ನಿದ್ದೆ ಬರುತ್ತದೆ.

ಯರ್ರೆಪ್ಪನಂಥವರನ್ನು ಜನ ಹುಚ್ಚರೆನ್ನುತ್ತಾರೆ. ತನ್ನ ತಲೆಯೊಳಗಿನದನ್ನು ನಾಲ್ಕು ಜನರ ಮುಂದಿಟ್ಟು ಸರಿಯೋ ತಪ್ಪೋ ಎಂದು ಕೇಳುವ ಧೈರ್ಯ ಹುಷಾರಿರುವ ಎಷ್ಟು ಜನಕ್ಕಿದೆ? ಅಂಥವರ ಪಕ್ಕ ಅಂಗಡಿ ಹಾಕಬೇಕು. ಅವರು ಸಮಾಧಾನಕ್ಕೆಂದು ಸುಳ್ಳು ಹೇಳುವುದಿಲ್ಲ. ನಿಜ ಹೇಳಿ ಕೈಬಿಡುವುದೂ ಇಲ್ಲ.